ಡೆಲೋಸ್: ಹುಟ್ಟಿಗೂ ಸಾವಿಗೂ ಜಾಗವಿಲ್ಲದ ದ್ವೀಪ – ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸ್‌ಗೆ ಹೋಗಿಬಂದ ನಮ್ಮವರು ಸ್ಯಾಂಟೊರಿನಿಯ ಬಿಳಿ ಮನೆ, ಮಿಕೊನೊಸ್‌ನ ಗಾಳಿಗಿರಣಿಗಳ ಫೋಟೊ ತೋರಿಸುತ್ತಾರೆ. ಮಿಕೊನೊಸ್‌ನಿಂದ ಅರ್ಧ ಗಂಟೆ ದೋಣಿಯಲ್ಲಿ ಹೋದರೆ ಸಿಗುವ ಡೆಲೋಸ್ ಬಗ್ಗೆ ಕೇಳಿದರೆ, "ಅಲ್ಲೇನಿದೆ, ಬರೀ ಕಲ್ಲು" ಅನ್ನುತ್ತಾರೆ. ಇರುವುದು ಕಲ್ಲೇ, ಸುಳ್ಳಲ್ಲ. ಆ ಕಲ್ಲುಗಳ ಬಗ್ಗೆ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ಡೆಲೋಸ್ ಎಲ್ಲಿದೆ? ಎಷ್ಟು ದೊಡ್ಡದು?

ಏಜಿಯನ್ ಸಮುದ್ರದ ಸೈಕ್ಲೇಡ್ಸ್ ದ್ವೀಪಗಳ ನಡುವೆ, ಮಿಕೊನೊಸ್‌ನ ಪಕ್ಕದಲ್ಲಿ. ಉದ್ದ ಸುಮಾರು 5 ಕಿಲೋಮೀಟರ್. ಅಗಲ ಹೆಚ್ಚೆಂದರೆ 1.3 ಕಿಲೋಮೀಟರ್. ಒಟ್ಟು ವಿಸ್ತೀರ್ಣ 3.5 ಚದರ ಕಿಲೋಮೀಟರೂ ಇಲ್ಲ. ಇರುವ ಒಂದೇ ಗುಡ್ಡ ಕಿಂಥೋಸ್, ಎತ್ತರ 112 ಮೀಟರ್. 'ಸೈಕ್ಲೇಡ್ಸ್' ಅಂದರೆ ಸುತ್ತ ವೃತ್ತವಾಗಿ ನಿಂತವು ಎಂದರ್ಥ. ಆ ವೃತ್ತದ ನಡುಬಿಂದು ಈ ಪುಟ್ಟ ಡೆಲೋಸ್. ಸುತ್ತಲಿನ ದ್ವೀಪಗಳೆಲ್ಲ ಇದಕ್ಕಿಂತ ದೊಡ್ಡವು, ಫಲವತ್ತಾದವು. ಆದರೂ ಗುಂಪಿಗೆ ಹೆಸರು ಬಂದದ್ದು ಇದರಿಂದ.

ಇಂಥ ಬರಡು ನೆಲ ಪುಣ್ಯಕ್ಷೇತ್ರ ಆಗಿದ್ದು ಹೇಗೆ?

ಬರಡಾಗಿದ್ದರಿಂದಲೇ ಆಯಿತು ಎನ್ನುತ್ತದೆ ಪುರಾಣ. ಗ್ರೀಕರ ದೇವರಾಜ ಜ್ಯೂಸ್‌ನಿಂದ ಬಸುರಾದ ಲೇಟೊ ಎಂಬ ದೇವತೆ ಹೆರಿಗೆಗೆ ಜಾಗ ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ಜ್ಯೂಸ್‌ನ ಹೆಂಡತಿ ಹೇರಾಳ ಸಿಟ್ಟಿಗೆ ಹೆದರಿ ಯಾವ ನೆಲವೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಡೆಲೋಸ್ ಒಪ್ಪುತ್ತದೆ. ಆಗ ಅದು ನೆಲೆಯಿಲ್ಲದೆ ಕಡಲ ಮೇಲೆ ತೇಲಾಡುತ್ತಿದ್ದ ದ್ವೀಪ ಎಂದೂ ಕಥೆಯುಂಟು.

ಹೋಮರನ ಹೆಸರಿನಲ್ಲಿ ಉಳಿದಿರುವ, ಲೇಟೊಳ ಮಗ ಅಪೊಲೊ ದೇವರ ಸ್ತೋತ್ರದಲ್ಲಿ ಈ ಒಪ್ಪಿಗೆ ಬಂದಿರುವ ರೀತಿ ನನಗೆ ಬಹಳ ಇಷ್ಟ. ಅದು ಅಪ್ಪಟ ವ್ಯವಹಾರದ ಮಾತು. ನಿನ್ನಲ್ಲಿ ದನ ಬೆಳೆಯುವುದಿಲ್ಲ, ದ್ರಾಕ್ಷಿ ಬೆಳೆಯುವುದಿಲ್ಲ, ಬೇರೆ ಯಾರೂ ನಿನ್ನ ಕಡೆ ತಿರುಗಿ ನೋಡುವುದಿಲ್ಲ. ನನ್ನ ಮಗನಿಗೆ ಗುಡಿ ಕಟ್ಟಿಸಿಕೊಂಡರೆ ಜಗತ್ತೇ ಬಲಿ ಹೊತ್ತು ತರುತ್ತದೆ, ಪರರ ಕೈಯಿಂದ ನಿನ್ನ ಜನರ ಹೊಟ್ಟೆ ತುಂಬುತ್ತದೆ ಎಂದು ಲೇಟೊ ಹೇಳುತ್ತಾಳೆ. ದ್ವೀಪವೂ ಏನು ಕಡಿಮೆಯಿಲ್ಲ. ಮಗು ಹುಟ್ಟಿದ ಮೇಲೆ ನನ್ನ ಕಲ್ಲುನೆಲ ನೋಡಿ ಅಸಹ್ಯಪಟ್ಟು ಕಾಲಿಂದ ಒದ್ದು ಮುಳುಗಿಸಿಬಿಟ್ಟರೆ ಏನು ಗತಿ, ಮೊದಲು ಆಣೆ ಇಡು ಎನ್ನುತ್ತದೆ. ಲೇಟೊ ಆಣೆ ಇಡುತ್ತಾಳೆ. ಹೇರಾ ಹೆರಿಗೆಯ ದೇವತೆಯನ್ನು ತಡೆದು ಇಟ್ಟುಕೊಂಡಿದ್ದರಿಂದ ಒಂಬತ್ತು ಹಗಲು ಒಂಬತ್ತು ರಾತ್ರಿ ನೋವು. ಕಡೆಗೆ ಉಳಿದ ದೇವತೆಯರು ಒಂಬತ್ತು ಮೊಳದ ಚಿನ್ನದ ಹಾರದ ಆಸೆ ತೋರಿಸಿ ಸೂಲಗಿತ್ತಿ ದೇವತೆಯನ್ನು ಕರೆಸುತ್ತಾರೆ. ಲೇಟೊ ಖರ್ಜೂರದ ಮರವನ್ನು ತಬ್ಬಿಕೊಂಡು ಅಪೊಲೊನನ್ನು ಹೆರುತ್ತಾಳೆ.

ಮುಂದಿನ ಸಾವಿರ ವರ್ಷದ ಇತಿಹಾಸದಲ್ಲಿ ಈ ಕರಾರು ಅಕ್ಷರಶಃ ನಡೆಯಿತು. ಡೆಲೋಸ್ ಬದುಕಿದ್ದೇ ಪರರ ಕೈಯಿಂದ. ಕೆಳಗಿನ ಮುಕ್ಕಾಲು ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಅವಳಿ ತಂಗಿ ಆರ್ಟೆಮಿಸ್ ಹುಟ್ಟಿದ್ದೂ ಇಲ್ಲೇನಾ?

ತಂಗಿಯಲ್ಲ, ಅಕ್ಕ. ಬಹಳ ಕಥೆಗಳಲ್ಲಿ ಅವಳೇ ಮೊದಲು ಹುಟ್ಟಿದವಳು. ಹುಟ್ಟಿದ್ದು ಒರ್ಟಿಜಿಯಾದಲ್ಲಿ ಎಂದು ಸ್ತೋತ್ರ ಹೇಳುತ್ತದೆ. ಅದು ಡೆಲೋಸ್‌ನದೇ ಹಳೆಯ ಹೆಸರು ಎಂದು ಕೆಲವರು, ಎದುರಿನ ರಿನಿಯಾ ದ್ವೀಪ ಎಂದು ಕೆಲವರು.

ಹಿಂದೆ ಯಾತ್ರೆ ಹೇಗೆ ನಡೆಯುತ್ತಿತ್ತು?

ಕ್ರಿ.ಪೂ. 7ನೇ ಶತಮಾನದ ಹೊತ್ತಿಗಾಗಲೇ ಇದು ಗ್ರೀಕರ ಒಂದು ಕವಲಾದ ಅಯೋನಿಯನ್ನರ ದೊಡ್ಡ ಕ್ಷೇತ್ರ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಉದ್ದ ನಿಲುವಂಗಿ ತೊಟ್ಟು ಬಂದ ಜನ, ಕುಸ್ತಿ, ಕುಣಿತ, ಹಾಡು, ಪಕ್ಕದಲ್ಲೇ ವ್ಯಾಪಾರ. ಜಾತ್ರೆ ಅನ್ನುವುದಕ್ಕೆ ಬೇರೆ ಪದ ಬೇಡ.

ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಡೆಲಿಯಾ ಉತ್ಸವಕ್ಕೆ ನಗರಗಳು ಹಾಡುಗಾರರ ಮೇಳಗಳನ್ನು ಕಳಿಸುತ್ತಿದ್ದವು. ಹಡಗು ದಡ ಮುಟ್ಟಿದ್ದೇ ತಡ, ಜನ ಮುತ್ತಿಕೊಂಡು "ಹಾಡಿ, ಹಾಡಿ" ಎಂದು ಕೂಗುತ್ತಿದ್ದರು. ಪಾಪ, ಮೇಳದವರು ಇಳಿಯುತ್ತಾ, ಉಡುಪು ತೊಡುತ್ತಾ, ತಲೆಗೆ ಹೂವಿನ ಸುರುಳಿ ಸಿಕ್ಕಿಸಿಕೊಳ್ಳುತ್ತಾ ಹಾಡಬೇಕು. ಕ್ರಿ.ಪೂ. 417ರ ಸುಮಾರಿಗೆ ಅಥೆನ್ಸ್‌ನ ಸೇನಾನಿ ನಿಕಿಯಾಸ್ ಈ ಗೊಂದಲ ತಪ್ಪಿಸಲು ಮಾಡಿದ್ದನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಅವನು ತನ್ನ ಮೇಳವನ್ನು ಎದುರಿನ ರಿನಿಯಾದಲ್ಲಿ ಇಳಿಸಿದ. ಅಥೆನ್ಸ್‌ನಲ್ಲೇ ಅಳತೆಗೆ ಸರಿಯಾಗಿ ಮಾಡಿಸಿ ತಂದಿದ್ದ ಸೇತುವೆಯನ್ನು ರಾತ್ರೋರಾತ್ರಿ ಎರಡು ದ್ವೀಪಗಳ ನಡುವಿನ ಕಿರುಗಡಲಿಗೆ ಹಾಸಿದ. ಅದಕ್ಕೆ ಚಿನ್ನದ ಲೇಪ, ಬಣ್ಣದ ಬಟ್ಟೆ, ಹೂಮಾಲೆ. ಬೆಳಕು ಹರಿಯುವಾಗ ಮೇಳ ಹಾಡುತ್ತಾ ಸಮುದ್ರದ ಮೇಲೆ ನಡೆದು ಬಂತು. ರಾಜಕಾರಣಿ ಜಾತ್ರೆಯಲ್ಲಿ ಹೆಸರು ಮಾಡುವುದು ಇವತ್ತಿನ ವಿದ್ಯೆಯಲ್ಲ.

ಅಥೆನ್ಸ್‌ನಿಂದ ಡೆಲೋಸ್‌ಗೆ ಹೋಗುವ ಪವಿತ್ರ ಹಡಗಿನ ಇನ್ನೊಂದು ಕಥೆ ನಿಮಗೆ ಗೊತ್ತಿರಬಹುದು. ಆ ಹಡಗು ಹೋಗಿ ಮರಳುವವರೆಗೆ ಊರಲ್ಲಿ ಯಾರಿಗೂ ಮರಣದಂಡನೆ ಜಾರಿ ಮಾಡುವಂತಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ವಿಷದ ಶಿಕ್ಷೆಯಾದಾಗ, ಹಿಂದಿನ ದಿನವಷ್ಟೇ ಹಡಗಿಗೆ ಹೂಮಾಲೆ ಹಾಕಿ ಆಗಿತ್ತು. ಅವನಿಗೆ ಜೈಲಿನಲ್ಲಿ ಗೆಳೆಯರ ಜತೆ ಮಾತಾಡಲು ದಿನಗಳು ಸಿಕ್ಕಿದ್ದು ಹಾಗೆ.

ಇಲ್ಲಿ ಹುಟ್ಟುವುದು, ಸಾಯುವುದು ನಿಷೇಧ ಆಗಿತ್ತಂತೆ. ನಿಜವೇ?

ನಿಜ. ಪುರುಡು, ಸೂತಕ ಎಂಬ ಮಾತು ಗೊತ್ತಿರುವ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೆ: ನಮ್ಮಲ್ಲಿ ಮೈಲಿಗೆ ಮನೆಗೆ, ಹತ್ತು-ಹನ್ನೊಂದು ದಿನಕ್ಕೆ. ಅಲ್ಲಿ ಇಡೀ ದ್ವೀಪಕ್ಕೆ, ಶಾಶ್ವತವಾಗಿ.

ಕ್ರಿ.ಪೂ. 6ನೇ ಶತಮಾನದಲ್ಲಿ ಅಥೆನ್ಸ್‌ನ ಸರ್ವಾಧಿಕಾರಿ ಪೈಸಿಸ್ಟ್ರಾಟಸ್ ಗುಡಿಯಿಂದ ಕಣ್ಣಿಗೆ ಕಾಣುವಷ್ಟು ದೂರದ ಗೋರಿಗಳನ್ನು ತೆಗೆಸಿದ. ಕ್ರಿ.ಪೂ. 426ರಲ್ಲಿ ಅಥೆನ್ಸ್‌ನವರು ಉಳಿದೆಲ್ಲ ಗೋರಿ ಅಗೆದು ಎಲುಬುಗಳನ್ನು ರಿನಿಯಾಗೆ ಸಾಗಿಸಿದರು. ಇನ್ನು ಮುಂದೆ ಯಾರೂ ಇಲ್ಲಿ ಸಾಯಬಾರದು, ಯಾರೂ ಹೆರಬಾರದು ಎಂದು ಕಟ್ಟಳೆ ಮಾಡಿದರು. ದಿನ ತುಂಬಿದ ಬಸುರಿಯನ್ನೂ ಕೊನೆಯುಸಿರು ಎಳೆಯುವವರನ್ನೂ ದೋಣಿಯಲ್ಲಿ ದಾಟಿಸಬೇಕು. ಅಗೆದ ಗೋರಿಗಳಲ್ಲಿ ಅರ್ಧಕ್ಕೂ ಹೆಚ್ಚು ಏಷ್ಯಾ ಮೈನರ್ ಕಡೆಯ ಕೇರಿಯನ್ನರವು, ಜತೆಗಿಟ್ಟ ಆಯುಧ ಮತ್ತು ಹೂಳಿದ ರೀತಿಯಿಂದ ತಿಳಿಯಿತು ಎಂದು ಥ್ಯುಸಿಡಿಡೀಸ್ ಬರೆಯುತ್ತಾನೆ. ಗೋರಿಯ ವಸ್ತು ನೋಡಿ ಇತಿಹಾಸ ಊಹಿಸಿದ ಬಹಳ ಹಳೆಯ ಉದಾಹರಣೆ ಇದು. ಸ್ಥಳಾಂತರವಾದ ಆ ಎಲುಬು, ಮಡಕೆಗಳ ಗುಂಡಿ ರಿನಿಯಾದಲ್ಲಿ 1898ರಲ್ಲಿ ಸಿಕ್ಕಿತು.

ಸತ್ತವರನ್ನು ಕಳಿಸಿದ್ದೂ ಸಾಲಲಿಲ್ಲ. ಕ್ರಿ.ಪೂ. 422ರಲ್ಲಿ ಅಥೆನ್ಸ್‌ನವರು ಬದುಕಿದ್ದ ಡೆಲೋಸ್‌ನವರನ್ನೂ 'ಅಶುದ್ಧರು' ಎಂದು ಹೊರಹಾಕಿದರು. ಮರುವರ್ಷ ಡೆಲ್ಫಿಯ ದೈವವಾಣಿ ಬಂದ ಮೇಲೆ ವಾಪಸು ಕರೆಸಿದರು. ಮಡಿಯ ಹೆಸರಲ್ಲಿ ನಡೆದದ್ದು ಮಡಿಯೊಂದೇ ಅಲ್ಲ, ಅಧಿಕಾರ ಎಂದು ನನಗನ್ನಿಸುತ್ತದೆ. ಸ್ಪಾರ್ಟಾದವನೊಬ್ಬ ಡೆಲೋಸ್‌ನವರನ್ನು ಕೇಳಿದನಂತೆ: ನಿಮ್ಮಲ್ಲಿ ಯಾರೂ ಹುಟ್ಟದ, ಯಾರೂ ಮಣ್ಣಾಗದ ಜಾಗ ನಿಮ್ಮ ತಾಯ್ನಾಡು ಹೇಗಾಗುತ್ತದೆ?

ಅಂದಹಾಗೆ, ನಾಯಿ ಸಾಕುವುದೂ ನಿಷೇಧ.

ಗಣಿತದ 'ಡೆಲೋಸ್ ಸಮಸ್ಯೆ'ಗೂ ಈ ದ್ವೀಪಕ್ಕೂ ಸಂಬಂಧ ಇದೆಯೇ?

ಇದೆ. ಪಿಡುಗು ತಗುಲಿದಾಗ, ಘನಾಕೃತಿಯ ಬಲಿಪೀಠವನ್ನು ಎರಡರಷ್ಟು ಮಾಡಿ ಎಂದು ದೈವವಾಣಿಯಾಯಿತಂತೆ. ಪ್ರತಿ ಬದಿಯನ್ನೂ ದುಪ್ಪಟ್ಟು ಮಾಡಿದರೆ ಪೀಠ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಬದಿಯನ್ನು 2ರ ಘನಮೂಲದಷ್ಟು, ಅಂದರೆ ಸುಮಾರು 1.26 ಪಟ್ಟು ಹಿಗ್ಗಿಸಬೇಕು. ಅಳತೆಗೆರೆಗಳಿಲ್ಲದ ಪಟ್ಟಿ ಮತ್ತು ಕೈವಾರದಿಂದ ಇದು ಅಸಾಧ್ಯ ಎಂದು 1837ರಲ್ಲಿ ಫ್ರಾನ್ಸಿನ ಪಿಯೆರ್ ವಾಂಟ್ಸೆಲ್ ಸಾಧಿಸಿ ತೋರಿಸಿದ. ಅಪೊಲೊ ಕೊಟ್ಟ ಹೋಮ್‌ವರ್ಕ್ ಎರಡು ಸಾವಿರ ವರ್ಷ ಬಾಕಿ ಇತ್ತು.

'ಡೆಲಿಯನ್ ಒಕ್ಕೂಟ' ಎಂದು ಶಾಲೆಯಲ್ಲಿ ಓದಿದ್ದು ಇದೇನಾ?

ಇದೇ. ಪರ್ಷಿಯನ್ನರ ವಿರುದ್ಧ ಕ್ರಿ.ಪೂ. 478ರಲ್ಲಿ ಗ್ರೀಕ್ ನಗರಗಳು ಕಟ್ಟಿದ ಕೂಟ. ಮೊದಲ ಕಪ್ಪಕಾಣಿಕೆ 460 ಟ್ಯಾಲೆಂಟ್ (ಗ್ರೀಕರ ತೂಕದ ಅಳತೆ) ಬೆಳ್ಳಿಯ ಲೆಕ್ಕ. ಖಜಾನೆಯನ್ನು ಇಲ್ಲಿಟ್ಟದ್ದು ದೇವರ ಜಾಗಕ್ಕೆ ಯಾರೂ ಕೈಹಾಕುವುದಿಲ್ಲ ಎಂಬ ನಂಬಿಕೆಯಿಂದ. ಕ್ರಿ.ಪೂ. 454ರಲ್ಲಿ ಅಥೆನ್ಸ್ ಅದನ್ನು ತನ್ನ ಊರಿಗೆ ಎತ್ತಿಕೊಂಡು ಹೋಯಿತು. ಅದೇ ಹೊತ್ತಿಗೆ ಡೆಲೋಸ್‌ನಲ್ಲಿ ಅಪೊಲೊನ ದೊಡ್ಡ ಗುಡಿಯ ಕೆಲಸ ಅರ್ಧಕ್ಕೆ ನಿಂತಿತು. ಅದು ಮತ್ತೆ ಶುರುವಾದದ್ದು ಕ್ರಿ.ಪೂ. 314ರಲ್ಲಿ ದ್ವೀಪ ಅಥೆನ್ಸ್‌ನ ಹಿಡಿತದಿಂದ ಬಿಡಿಸಿಕೊಂಡ ಮೇಲೆ.

ಶತ್ರುಗಳು ಮಾತ್ರ ಹೆಚ್ಚು ಗೌರವ ತೋರಿಸಿದ್ದರು. ಕ್ರಿ.ಪೂ. 490ರಲ್ಲಿ ಪರ್ಷಿಯನ್ ಸೇನಾನಿ ಡಾಟಿಸ್, ಸುತ್ತಲ ದ್ವೀಪಗಳನ್ನು ಸುಡುತ್ತಾ ಬಂದವನು, ಡೆಲೋಸ್‌ನ ಬಲಿಪೀಠದ ಮೇಲೆ 300 ಟ್ಯಾಲೆಂಟ್ ಧೂಪ ಸುಟ್ಟ ಎನ್ನುತ್ತಾನೆ ಹೆರೊಡೊಟಸ್. ಇಂದಿನ ತೂಕದಲ್ಲಿ ಏಳೂವರೆ ಟನ್ನಿಗೂ ಮಿಕ್ಕಿದ್ದು!

ದೇವಸ್ಥಾನದ ಹಣಕಾಸು ಹೇಗಿತ್ತು?

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಎಂದು ನಾನೇ ಸೇರಿಸಿದ್ದೇನೆ. ಕ್ರಿ.ಪೂ. 314ರಿಂದ 166ರವರೆಗಿನ ಸ್ವತಂತ್ರ ಕಾಲದಲ್ಲಿ ಗುಡಿಯ ಆಡಳಿತಗಾರರು ವರ್ಷ ವರ್ಷದ ಜಮಾಖರ್ಚನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟರು. ನಮ್ಮ ಶಾಸನಗಳಲ್ಲಿ ರಾಜರ ಬಿರುದಾವಳಿ ದಾಟಿ ದತ್ತಿಯ ವಿವರಕ್ಕೆ ಬಂದಾಗ ಸಿಗುವ ಖುಷಿ ಇಲ್ಲಿ ಮೊದಲ ಸಾಲಿನಿಂದಲೇ ಸಿಗುತ್ತದೆ. ದೇವರಿಗೆ ಡೆಲೋಸ್, ರಿನಿಯಾ, ಮಿಕೊನೊಸ್‌ಗಳಲ್ಲಿ ಜಮೀನಿತ್ತು. ಹತ್ತು ವರ್ಷದ ಗೇಣಿಗೆ ಕೊಡುತ್ತಿದ್ದರು. ದೇವರ ದುಡ್ಡನ್ನು ಶೇಕಡಾ 10ರ ಬಡ್ಡಿಗೆ ಸಾಲ ಕೊಡುತ್ತಿದ್ದರು. ಗುಡಿ ಶುದ್ಧಿ ಮಾಡಲು ತಿಂಗಳಿಗೊಂದು ಹಂದಿಮರಿ, ಸೌದೆ, ಎಣ್ಣೆ, ಬರೆಯಲು ಪಪೈರಸ್, ಬಡಗಿಯ ಕೂಲಿ, ಎಲ್ಲಕ್ಕೂ ಲೆಕ್ಕ. ನಾಣ್ಯ ಇಡುತ್ತಿದ್ದದ್ದು ಜಾಡಿಗಳಲ್ಲಿ. ಪ್ರತಿ ಜಾಡಿಯ ಮೇಲೂ ಈ ದುಡ್ಡು ಯಾರ ಅಧಿಕಾರಾವಧಿಯಲ್ಲಿ, ಎಲ್ಲಿಂದ ಬಂದದ್ದು ಎಂದು ಬರಹ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಈ ಕಡೆಯ ಜಗತ್ತಿನಲ್ಲಿ ಯಾವುದಕ್ಕೆ ಎಷ್ಟು ಬೆಲೆಯಿತ್ತು ಎಂದು ತಿಳಿಯಲು ವಿದ್ವಾಂಸರು ಇಂದಿಗೂ ಈ ಕಲ್ಲುಗಳನ್ನೇ ನೋಡುತ್ತಾರೆ.

ಯಾತ್ರಾಸ್ಥಳ ಸಂತೆಯಾಗಿದ್ದು ಯಾವಾಗ?

ಕ್ರಿ.ಪೂ. 166ರ ಹೊತ್ತಿಗೆ ರೋಮ್ ಡೆಲೋಸ್ ಅನ್ನು ಅಥೆನ್ಸ್‌ಗೆ ಒಪ್ಪಿಸಿ, ಸುಂಕವಿಲ್ಲದ ಬಂದರು ಎಂದು ಘೋಷಿಸಿತು. ಡೆಲೋಸ್ ಮೇಲಿನ ಪ್ರೀತಿಯಿಂದಲ್ಲ, ರೋಡ್ಸ್ ದ್ವೀಪದ ಸೊಕ್ಕು ಮುರಿಯಲು. ರೋಡ್ಸ್‌ನ ಬಂದರು ಆದಾಯ 10 ಲಕ್ಷ ಡ್ರಾಕ್ಮಾದಿಂದ 1.5 ಲಕ್ಷಕ್ಕೆ ಇಳಿಯಿತು ಎಂದು ಅಲ್ಲಿನ ದೂತರು ರೋಮ್‌ನಲ್ಲಿ ಗೋಳಿಟ್ಟುಕೊಂಡದ್ದನ್ನು ಪಾಲಿಬಿಯಸ್ ದಾಖಲಿಸಿದ್ದಾನೆ. ಮೂಲ ಡೆಲೋಸ್‌ನವರನ್ನು ಈ ಬಾರಿ ಮತ್ತೆ ಬರದಂತೆ ಓಡಿಸಲಾಯಿತು. ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂತ್ ನಗರವನ್ನು ನೆಲಸಮ ಮಾಡಿದ ಮೇಲೆ ಅಲ್ಲಿನ ವ್ಯಾಪಾರವೂ ಇತ್ತ ಹರಿಯಿತು.

ಇಟಲಿ, ಸಿರಿಯಾ, ಫಿನೀಶಿಯಾ, ಈಜಿಪ್ಟ್ ಎಲ್ಲ ಕಡೆಯವರೂ ಬಂದು ಅಂಗಡಿ, ಗೋದಾಮು, ಮನೆ ಕಟ್ಟಿಕೊಂಡರು. ಬೈರೂತಿನ ವರ್ತಕರಿಗೆ ಅವರದೇ ಸಂಘದ ಕಟ್ಟಡ. ಅಲ್ಲಿ ಸಿಕ್ಕ ಅಮೃತಶಿಲೆಯ ಶಿಲ್ಪ ಈಗ ಅಥೆನ್ಸ್ ಮ್ಯೂಸಿಯಂನಲ್ಲಿದೆ: ಮೈಮೇಲೆ ಬೀಳಲು ಬಂದ ಮೇಕೆಗಾಲಿನ ದೇವರು ಪ್ಯಾನ್‌ಗೆ ಪ್ರೇಮದೇವತೆ ಅಫ್ರೊಡೈಟಿ ಚಪ್ಪಲಿ ಎತ್ತಿ ತೋರಿಸುತ್ತಿದ್ದಾಳೆ.

ಚಪ್ಪಲಿಯ ಶಿಲ್ಪ ನೋಡಿ ನಗುವುದು ಸುಲಭ. ಆ ಹಣ ಬಂದದ್ದೆಲ್ಲಿಂದ ಎಂದು ಕೇಳಿದರೆ ನಗು ನಿಲ್ಲುತ್ತದೆ. ಎಣ್ಣೆ, ದ್ರಾಕ್ಷಾರಸ, ಸುಗಂಧದ ಜತೆಗೆ ಇಲ್ಲಿನ ದೊಡ್ಡ ಸರಕು ಮನುಷ್ಯರು. ಹತ್ತಾರು ಸಾವಿರ ಗುಲಾಮರನ್ನು ಒಂದೇ ದಿನದಲ್ಲಿ ಇಳಿಸಿಕೊಂಡು ಸಾಗಹಾಕುವ ಶಕ್ತಿ ಡೆಲೋಸ್‌ಗಿತ್ತು ಎನ್ನುತ್ತಾನೆ ಸ್ಟ್ರಾಬೊ. "ವ್ಯಾಪಾರಿ, ಹಡಗು ಕಟ್ಟು, ಸರಕು ಇಳಿಸು, ಎಲ್ಲ ಮಾರಿಹೋಗಿದೆ" ಎಂಬ ಗಾದೆಯೇ ಹುಟ್ಟಿಕೊಂಡಿತ್ತಂತೆ. ಹತ್ತಾರು ಸಾವಿರ ಎನ್ನುವುದು ಉತ್ಪ್ರೇಕ್ಷೆ ಇರಬಹುದು. ಗಾದೆಯಾಗುವಷ್ಟು ಮಾರಿಹೋದದ್ದಂತೂ ಸುಳ್ಳಲ್ಲ.

ಅಪೊಲೊನ ದ್ವೀಪದಲ್ಲಿ ಬೇರೆ ದೇವರುಗಳಿಗೆ ಜಾಗ ಸಿಕ್ಕಿತೇ?

ಧಾರಾಳವಾಗಿ. ಈಜಿಪ್ಟಿನ ಐಸಿಸ್ ಮತ್ತು ಸೆರಾಪಿಸ್, ಸಿರಿಯಾದ ಅಟಾರ್ಗಾಟಿಸ್ ಮತ್ತು ಹದಾದ್ ಎಲ್ಲರ ಗುಡಿಗಳೂ ಇವೆ. ಕಡಲ ದಂಡೆಯಲ್ಲಿರುವ ಒಂದು ಕಟ್ಟಡವನ್ನು ಯಹೂದಿಗಳ ಪ್ರಾರ್ಥನಾಮಂದಿರ (ಸಿನಗಾಗ್) ಎಂದು ಗುರುತಿಸಲಾಗಿದೆ. ಯಹೂದಿಗಳಿಗೆ ಹತ್ತಿರದ ಪಂಗಡವಾದ ಸಮಾರಿಟನ್ನರು ಇಲ್ಲಿದ್ದರು ಎಂಬುದಕ್ಕೂ ಶಾಸನಗಳಿವೆ.

ಸೆರಾಪಿಸ್ ಬಂದ ಕಥೆಯೊಂದನ್ನು ಕ್ರಿ.ಪೂ. 200ರ ಸುಮಾರಿನ ಒಂದು ಕಂಬದ ಮೇಲೆ ಕೆತ್ತಿದ್ದಾರೆ. ಈಜಿಪ್ಟಿನ ಮೆಂಫಿಸ್‌ನಿಂದ ಅಪೊಲೋನಿಯಸ್ ಎಂಬ ಪೂಜಾರಿ ತನ್ನ ದೇವರನ್ನು ಹೊತ್ತು ತಂದು, ಬಾಡಿಗೆ ಕೋಣೆಯಲ್ಲಿಟ್ಟು ಪೂಜೆ ಮಾಡುತ್ತಿದ್ದ. 97 ವರ್ಷ ಬದುಕಿದ. ಮಗನ ಕಾಲವೂ ಬಾಡಿಗೆಯಲ್ಲೇ ಕಳೆಯಿತು. ಮೊಮ್ಮಗನ ಕನಸಿನಲ್ಲಿ ದೇವರು ಬಂದು, ನನಗೆ ಇನ್ನು ಬಾಡಿಗೆ ಮನೆ ಬೇಡ, ಸ್ವಂತದ್ದು ಬೇಕು ಎಂದ. ಜಾಗವನ್ನೂ ಸೂಚಿಸಿದ. ಅದು ಗೊಬ್ಬರ ತುಂಬಿದ ತಿಪ್ಪೆ. ಮಾರಾಟಕ್ಕಿದೆ ಎಂದು ಸಂತೆಯ ದಾರಿಯಲ್ಲಿ ಚೀಟಿ ಅಂಟಿಸಿದ್ದರು. ಕೊಂಡು ಆರು ತಿಂಗಳಲ್ಲಿ ಗುಡಿ ಕಟ್ಟಿ ಮುಗಿಸಿದ. ಹೊಟ್ಟೆಕಿಚ್ಚಿನವರು ಕೇಸು ಹಾಕಿದರು. ವಿಚಾರಣೆಯ ದಿನ ದೇವರ ಮಹಿಮೆಯಿಂದ ಎದುರಾಳಿಗಳ ನಾಲಿಗೆಯೇ ಹೊರಳಲಿಲ್ಲವಂತೆ. ಹೆಸರುಗಳನ್ನು ಬದಲಿಸಿದರೆ ನಮ್ಮ ಯಾವ ಊರಿನ ಸ್ಥಳಪುರಾಣವೂ ಆದೀತು.

ಅಷ್ಟು ಜನಕ್ಕೆ ನೀರು?

ಮಳೆ. ಕಿಂಥೋಸ್‌ನಿಂದ ಇಳಿಯುವ ಇನೋಪಸ್ ಮಳೆಗಾಲದ ತೊರೆಯಷ್ಟೇ, ಅದಕ್ಕೆ ನೈಲ್ ನದಿಯ ನೀರು ಭೂಮಿಯೊಳಗಿಂದ ಬರುತ್ತದೆ ಎಂದು ಕವಿಗಳು ಹಾಡಿದರೂ. ಪ್ರತಿ ದೊಡ್ಡ ಮನೆಯ ನಡುವೆ ಕಂಬಗಳ ತೊಟ್ಟಿ. ನಮ್ಮ ತೊಟ್ಟಿಮನೆಗಳ ಹಾಗೆಯೇ ಮಾಡಿನ ನೀರು ಅಂಗಳಕ್ಕೆ ಬೀಳುತ್ತದೆ. ಆದರೆ ಅಲ್ಲಿ ಅದು ನೆಲದಡಿಯ ಜಲಾಶಯಕ್ಕೆ ಇಳಿಯುತ್ತದೆ. ಸುಮಾರು 5,500 ಜನ ಕೂರುವ ರಂಗಮಂದಿರಕ್ಕೆ ಬಿದ್ದ ಮಳೆಯನ್ನೂ ಬಿಡದೆ ಕೆಳಗಿನ ಬೃಹತ್ ತೊಟ್ಟಿಗೆ ಹರಿಸಿದ್ದಾರೆ. ಆ ತೊಟ್ಟಿಯ ಗ್ರಾನೈಟ್ ಕಮಾನುಗಳು ಇನ್ನೂ ನಿಂತಿವೆ, ಕೆಳಗೆ ಪಾಚಿಗಟ್ಟಿದ ನೀರು. ನನಗೆ ಇಲ್ಲಿನ ಹೆಸರಾಂತ ಕಲ್ಲಿನ ಸಿಂಹಗಳಿಗಿಂತ ಇವೇ ಹೆಚ್ಚು ಹಿಡಿಸಿದವು.

ಹಾಳಾಗಿದ್ದು ಯಾವಾಗ, ಯಾರಿಂದ?

ಎರಡು ಏಟು. ಕ್ರಿ.ಪೂ. 88ರಲ್ಲಿ ರೋಮ್‌ನ ವೈರಿ, ಪಾಂಟಸ್‌ನ ದೊರೆ ಮಿಥ್ರಿಡೇಟಿಸ್‌ನ ಪಡೆ ದಾಳಿಯಿಟ್ಟಿತು. ದ್ವೀಪಕ್ಕೆ ಕೋಟೆಯಿರಲಿಲ್ಲ, ಜನರ ಕೈಯಲ್ಲಿ ಆಯುಧವಿರಲಿಲ್ಲ; ದೇವರಿದ್ದಾನೆ ಎಂದೇ ಇದ್ದರು. ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು ಎಂದು ಪೌಸಾನಿಯಸ್ ಬರೆಯುತ್ತಾನೆ. ಗುಲಾಮರ ಸಂತೆಯ ಊರಿಗೇ ಈ ಗತಿ. ಕ್ರಿ.ಪೂ. 69ರಲ್ಲಿ ಕಡಲ್ಗಳ್ಳರು ಮಿಕ್ಕದ್ದನ್ನು ದೋಚಿದರು. ಆಮೇಲೆ ರೋಮನ್ ಅಧಿಕಾರಿ ಟ್ರಿಯಾರಿಯಸ್ ಗೋಡೆ ಕಟ್ಟಿಸಿದ. ಆ ಹೊತ್ತಿಗೆ ಕಾಯಲು ಹೆಚ್ಚೇನೂ ಉಳಿದಿರಲಿಲ್ಲ.

ಆ ಕಾಲದಲ್ಲಿ ಬೆಂಕಿಗೆ ಬಿದ್ದ ಒಂದು ಮನೆಯಲ್ಲಿ 15,000ಕ್ಕೂ ಹೆಚ್ಚು ಮಣ್ಣಿನ ಮುದ್ರೆಗಳು ಸಿಕ್ಕಿವೆ. ಪತ್ರಗಳನ್ನು ಸುತ್ತಿ ಕಟ್ಟಿ ಒತ್ತಿದ ಮುದ್ರೆಗಳು. ಪಪೈರಸ್ ಎಲ್ಲ ಬೂದಿಯಾಯಿತು. ಮಣ್ಣು ಅದೇ ಬೆಂಕಿಯಲ್ಲಿ ಸುಟ್ಟು ಗಟ್ಟಿಯಾಗಿ ಉಳಿಯಿತು. ಯಾರು ಯಾರಿಗೆ ಎಷ್ಟು ಕೊಡಬೇಕಿತ್ತೋ, ಕರಾರು ಹೋಗಿ ಸಹಿ ಮಾತ್ರ ಉಳಿದಿದೆ.

ಗುಡಿಗಳು ಬುಡ ಮಾತ್ರ ಉಳಿದು, ಮನೆಗಳ ಗೋಡೆ ಎತ್ತರಕ್ಕೆ ನಿಂತಿವೆಯಲ್ಲ?

ಒಳ್ಳೆಯ ಕಣ್ಣು. ಗುಡಿಗಳು ಅಮೃತಶಿಲೆಯವು. ಕ್ರೈಸ್ತರ ಕಾಲದಲ್ಲಿ ಕೆಲವು ಬಸಿಲಿಕಾ ಚರ್ಚುಗಳು ಎದ್ದು, ಊರು ಮೆಲ್ಲಗೆ ಬರಿದಾದ ಮೇಲೆ ಶತಮಾನಗಳ ಕಾಲ ಡೆಲೋಸ್ ಸುತ್ತಲಿನವರಿಗೆ ಪುಕ್ಕಟೆ ಕಲ್ಲುಗಣಿ. ಮಿಕೊನೊಸ್, ಟಿನೊಸ್‌ನವರು ಒಯ್ದರು, ವೆನಿಸ್‌ನವರು ಒಯ್ದರು, ಉಳಿದದ್ದನ್ನು ಸುಣ್ಣದ ಗೂಡಿಗೆ ಹಾಕಿದರು. ಮನೆಗಳು ನೈಸ್ (gneiss) ಎಂಬ ಸ್ಥಳೀಯ ಒರಟು ಕಲ್ಲಿನವು, ಯಾರಿಗೂ ಬೇಡವಾದವು. ದೇವರ ಮನೆ ಹೋಯಿತು, ವ್ಯಾಪಾರಿಯ ಮನೆ ಉಳಿಯಿತು.

ಆ ಮನೆಗಳ ನೆಲ ನೋಡಲೇಬೇಕು. 'ಡಾಲ್ಫಿನ್‌ಗಳ ಮನೆ'ಯ ನಡುಮನೆಯಲ್ಲಿ ಸಣ್ಣ ಸಣ್ಣ ಬಣ್ಣದ ಕಲ್ಲು ಕೂಡಿಸಿ ಮಾಡಿದ ಚಿತ್ತಾರ. ನಾಲ್ಕು ಮೂಲೆಯಲ್ಲೂ ಜೋಡಿ ಡಾಲ್ಫಿನ್, ಬೆನ್ನ ಮೇಲೆ ಪುಟಾಣಿ ಸವಾರ. ಮಾಡಿದವನು ಫಿನೀಶಿಯಾದ ಅರಾಡೋಸ್ ಊರಿನವನು. ಊರಿನ ಹೆಸರು ಸೇರಿಸಿ ಸಹಿ ಹಾಕಿದ್ದಾನೆ. ಬಾಗಿಲಲ್ಲಿ ಹೊಸ್ತಿಲಿನ ರಂಗೋಲಿಯ ಹಾಗೆ ಒಂದು ಸರಳ ಗುರುತು: ತ್ರಿಕೋನ, ಅಡ್ಡಗೆರೆ, ಮೇಲೊಂದು ವೃತ್ತ. ಅದು ಫಿನೀಶಿಯನ್ ದೇವತೆ ತಾನಿತ್‌ಳ ಚಿಹ್ನೆ.

ಸಿಂಹಗಳು ಎಷ್ಟಿವೆ? ಅಸಲಿಯೋ ನಕಲಿಯೋ?

ಹೊರಗಿರುವುದು ನಕಲು. ಕ್ರಿ.ಪೂ. 7ನೇ ಶತಮಾನದ ಕೊನೆಯಲ್ಲಿ ನ್ಯಾಕ್ಸೋಸ್ ದ್ವೀಪದವರು ನಿಲ್ಲಿಸಿದ ಅಸಲಿ ಸಿಂಹಗಳನ್ನು ಉಪ್ಪುಗಾಳಿಗೆ ಸವೆಯದಿರಲಿ ಎಂದು 1999ರಲ್ಲಿ ಮ್ಯೂಸಿಯಂ ಒಳಗೆ ತಂದರು. ಮೊದಲು 9 ಇದ್ದವೆಂದು ಕೆಲವರು, 16 ಎಂದು ಕೆಲವರು. ಒಂದು ವೆನಿಸ್‌ನ ಹಡಗುಕಟ್ಟೆಯ ಬಾಗಿಲಲ್ಲಿದೆ, ಯಾವುದೋ ಬೇರೆ ತಲೆ ಹಚ್ಚಿಸಿಕೊಂಡು.

ಅದೇ ನ್ಯಾಕ್ಸೋಸ್‌ನವರು ಇಟ್ಟ ಅಪೊಲೊನ ಮಹಾಮೂರ್ತಿಯ ಮುಂಡ ಗುಡಿಗಳ ನಡುವೆ ಬಿದ್ದಿದೆ. ಕೈ ಡೆಲೋಸ್ ಮ್ಯೂಸಿಯಂನಲ್ಲಿ, ಪಾದದ ತುಂಡು ಲಂಡನ್ನಿನಲ್ಲಿ. ಪೀಠ ಇದ್ದಲ್ಲೇ ಇದೆ. ಅದರ ಮೇಲಿನ ಬರಹ: "ಒಂದೇ ಕಲ್ಲು ನಾನು, ಮೂರ್ತಿಯೂ ಪೀಠವೂ." ನಿಕಿಯಾಸ್ ಹರಕೆ ಒಪ್ಪಿಸಿದ್ದ ಕಂಚಿನ ಖರ್ಜೂರದ ಮರ ಒಮ್ಮೆ ಗಾಳಿಗೆ ಬಿದ್ದು ಈ ಮೂರ್ತಿಯನ್ನೂ ಉರುಳಿಸಿತ್ತು.

ಪವಿತ್ರ ಸರೋವರ ಎಲ್ಲಿ?

ಸಿಂಹಗಳ ಎದುರಿಗೇ, ನೀರಿಲ್ಲದೆ. 1873ರಿಂದ ಇಲ್ಲಿ ಉತ್ಖನನ ನಡೆಸುತ್ತಿರುವುದು ಅಥೆನ್ಸ್‌ನ ಫ್ರೆಂಚ್ ಪುರಾತತ್ವ ಸಂಸ್ಥೆ. ಮಲೇರಿಯಾ ಭಯಕ್ಕೆ 1925ರ ಸುಮಾರಿಗೆ ಸರೋವರ ಬತ್ತಿಸಿದರು. ಹಳೆಯ ದಂಡೆಯ ಗುರುತಿಗೆ ಗಿಡ್ಡ ಗೋಡೆ ಇದೆ, ನಡುವೆ ಲೇಟೊ ನೆನಪಿಗೆ ನೆಟ್ಟ ಖರ್ಜೂರದ ಮರ.

ಹೋಗುವುದು ಹೇಗೆ? ಉಳಿಯಬಹುದೇ?

ಮಿಕೊನೊಸ್‌ನ ಹಳೆಯ ಬಂದರಿನಿಂದ ದೋಣಿ. ಜುಲೈ-ಆಗಸ್ಟ್‌ನಲ್ಲಿ 'ಮೆಲ್ಟೆಮಿ' ಎಂಬ ಬಡಗಣ ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಹಾಗಾಗಿ ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ರಾತ್ರಿ ತಂಗುವಂತಿಲ್ಲ. ಕಾವಲುಗಾರರು, ಉತ್ಖನನದವರು ಬಿಟ್ಟರೆ ಯಾರೂ ವಾಸವಿಲ್ಲ. 1990ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನೆರಳು ಎಂಬುದಿಲ್ಲ, ಟೋಪಿ, ನೀರು, ಗಟ್ಟಿ ಶೂ ಇರಲಿ. ಕಲ್ಲಿನ ಮೇಲೆ ಓತಿಕ್ಯಾತದಂಥ ದೊಡ್ಡ ಹಲ್ಲಿಗಳು ತಲೆಯೆತ್ತಿ ನೋಡುತ್ತವೆ, ಏನೂ ಮಾಡುವುದಿಲ್ಲ. ಮೂರು ಗಂಟೆ ಕನಿಷ್ಠ. ಕಿಂಥೋಸ್ ಹತ್ತಿದರೆ ಸುತ್ತ ನಿಂತ ದ್ವೀಪಗಳ ವೃತ್ತ ಕಣ್ಣಾರೆ ಕಾಣುತ್ತದೆ.

ಒಂದೇ ಒಂದು ಕಡೆ ನಿಲ್ಲಲು ಹೊತ್ತಿದ್ದರೆ?

ರಂಗಮಂದಿರದ ಬೀದಿಯಲ್ಲಿ ಕ್ಲಿಯೋಪಾತ್ರಳ ಮನೆ. ಈಜಿಪ್ಟಿನ ರಾಣಿಯಲ್ಲ, ಅಥೆನ್ಸ್‌ನಿಂದ ಬಂದು ನೆಲೆಸಿದ ಗೃಹಿಣಿ. ಒಳಗೆ ಕಾಲಿಟ್ಟರೆ ಗಂಡ ಹೆಂಡತಿ ಅಕ್ಕಪಕ್ಕ ನಿಂತಿದ್ದಾರೆ. ಅವಳ ಸೆರಗು ಮೈಗೆ ಬಿಗಿಯಾಗಿ ಸುತ್ತಿದೆ, ತೆಳು ಬಟ್ಟೆಯ ಕೆಳಗಿನ ನೆರಿಗೆಯೂ ಕಾಣುವಂತೆ ಕೆತ್ತಿದ್ದಾರೆ. ಇಬ್ಬರಿಗೂ ತಲೆಯಿಲ್ಲ. ಕ್ರಿ.ಪೂ. 138ರ ಸುಮಾರಿನ ಬರಹ ಕೆಳಗಿದೆ: ತನ್ನ ಗಂಡ ಡಯೋಸ್ಕೊರಿಡಿಸ್ ಅಪೊಲೊನ ಗುಡಿಬಾಗಿಲಿನ ಎರಡು ಪಕ್ಕಕ್ಕೂ ಬೆಳ್ಳಿಯ ಮುಕ್ಕಾಲಿ ಒಪ್ಪಿಸಿದ್ದಕ್ಕಾಗಿ ಕ್ಲಿಯೋಪಾತ್ರ ಅವನ ಮೂರ್ತಿಯನ್ನು ಇಲ್ಲಿ ನಿಲ್ಲಿಸಿದ್ದಾಳೆ. ಬೆಳ್ಳಿ ಯಾವಾಗಲೋ ಹೋಯಿತು. ರಸೀದಿ ಮನೆಬಾಗಿಲಲ್ಲೇ ಇದೆ.